ಜರಿಗಿಡದ ಕೋಣೆ

ನನ್ನ ಅಪ್ಪನ ತಂಗಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಜರಿಯತ್ತೆ ಎನ್ನುತ್ತಿದ್ದರು. ಜರಿ ಅಂಚಿನ ಬಟ್ಟೆ ಅವಳ ಹತ್ತಿರ ಒಂದೂ ಇರಲಿಲ್ಲ. ಹೆಸರು ಬಂದದ್ದು ಅವಳು ಸಾಕಿದ ಜರಿಗಿಡಗಳಿಂದ. ಸಾಕಿದ ಎಂದು ಬೇಕೆಂದೇ ಬರೆದಿದ್ದೇನೆ. ಬೇರೆಯವರು ಗಿಡ ಬೆಳೆಸುತ್ತಾರೆ, ಅತ್ತೆ ಸಾಕುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ ಇದ್ದ ಹೆಂಗಸು. ಗಂಡನನ್ನು, ಅಣ್ಣನನ್ನು, ನೀರು ಬಿಡುವವನನ್ನು, ನನ್ನನ್ನು, ಯಾರನ್ನೂ ಬಿಡದೆ ತರಾಟೆಗೆ ತೆಗೆದುಕೊಳ್ಳುತ್ತಿದ್ದವಳು ಆ ಗಿಡಗಳ ಮುಂದೆ ಮಾತ್ರ ದನಿ ತಗ್ಗಿಸುತ್ತಿದ್ದಳು. ನನಗಂತೂ ಆ ಗಿಡಗಳನ್ನು ಕಂಡರೆ ಅಷ್ಟಕ್ಕಷ್ಟೆ. ಆದರೂ ಅವುಗಳನ್ನು ಬಿಟ್ಟು ಅತ್ತೆಯ ಬಗ್ಗೆ ಬರೆಯಲು ಕೂತರೆ ಒಂದು ಸಾಲೂ ಮುಂದೆ ಹೋಗುವುದಿಲ್ಲ.

ಅತ್ತೆಗೆ ಕೆಲಸ ಇದ್ದದ್ದು ಹೂವಿನ ಅಂಗಡಿಯೊಂದರಲ್ಲಿ. ಮುಂದುಗಡೆ ಗಾಜಿನ ಹಿಂದೆ ಕೂತು ಹೂಗುಚ್ಛ ಕಟ್ಟುವ ಕೆಲಸವಲ್ಲ. ಹಿಂದಿನ ಕೋಣೆಯಲ್ಲಿ ಬಕೆಟ್ಟುಗಳ ನಡುವೆ ನಿಂತು ಗುಲಾಬಿಯ ಮುಳ್ಳು ತೆಗೆಯುವುದು, ಕಡ್ಡಿಗಳ ತುದಿ ಕತ್ತರಿಸುವುದು, ಕೊಳೆತದ್ದನ್ನು ಆರಿಸಿ ಚೀಲಕ್ಕೆ ತುಂಬುವುದು. ಅಂಗಡಿಯವನು ಒಂದು ಸಲ ಹೂಗಳ ನಡುವೆ ಸಿಕ್ಕಿಸಲು ಚೆನ್ನಾಗಿರುತ್ತದೆಂದು ಜರಿಗಿಡದ ಕುಂಡಗಳನ್ನು ತರಿಸಿದ್ದ. ಕಿತ್ತ ಸೊಪ್ಪು ಮಧ್ಯಾಹ್ನದೊಳಗೆ ಸುರುಟಿಕೊಂಡಿತು. ಗಿರಾಕಿಗಳು ಬೈದರು. ಅವನು ಕುಂಡಗಳನ್ನೆಲ್ಲ ತೆಗೆದು ಕಸದ ಪಕ್ಕ ಇಟ್ಟ. ಅತ್ತೆ ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಮನೆಗೆ ಬಂದಳು.

"ಏನೇ ಇದು, ಸತ್ತ ಗಿಡ ಹೊತ್ಕೊಂಡು ಬಂದಿದೀಯ?" ಎಂದು ಮಾವ ಕೇಳಿದರಂತೆ.

"ಸತ್ತಿಲ್ಲ. ಮುನಿಸ್ಕೊಂಡಿದೆ ಅಷ್ಟೆ" ಎಂದಳಂತೆ ಅತ್ತೆ. ಮುನಿಸಿನ ವಿಷಯದಲ್ಲಿ ಅವಳ ಮಾತನ್ನು ನಂಬಬಹುದಿತ್ತು.

ಅವರ ಮನೆ ಒಂದು ಹಳೆಯ ಕಟ್ಟಡದ ಕೆಳಗಿನ ಹಿಂಭಾಗ. ಮುಂದೊಂದು ಕೋಣೆ, ಅದರಲ್ಲೇ ಮಂಚ, ಒಲೆ, ಮೇಜು ಎಲ್ಲ. ಅಲ್ಲಿಂದ ಎರಡು ಮೂರು ಮೆಟ್ಟಿಲು ಇಳಿದರೆ ಹಿಂದಿನ ಕೋಣೆ. ಒಂದು ಕಾಲದಲ್ಲಿ ಕಟ್ಟಡದವರೆಲ್ಲ ಬಟ್ಟೆ ಒಗೆಯುತ್ತಿದ್ದ ಜಾಗವದು. ಗೋಡೆಯ ಆಚೆ ಬದಿಗೆ ಕಟ್ಟಡದ ನೀರಿನ ತೊಟ್ಟಿ. ಗೋಡೆ ಸಿಮೆಂಟು ಕಾಣದ ಸುಣ್ಣದ ಗಾರೆಯದು, ವರ್ಷವಿಡೀ ಒಸರುತ್ತಿತ್ತು. ಬೀದಿಯ ಮಟ್ಟಕ್ಕೆ ಒಂದು ಸಣ್ಣ ಕಿಟಕಿ. ಅದರಲ್ಲಿ ಹೋಗಿಬರುವವರು ಮೊಣಕಾಲಿನ ತನಕ ಮಾತ್ರ ಕಾಣುತ್ತಿದ್ದರು. ಬಿಸಿಲು ನೇರವಾಗಿ ಬೀಳುತ್ತಿರಲಿಲ್ಲ, ಗಾಳಿ ಆಡುತ್ತಿರಲಿಲ್ಲ. ಮನುಷ್ಯರು ಇರತಕ್ಕ ಜಾಗವಲ್ಲ. ಜರಿಗಿಡಕ್ಕೆ ಮಾತ್ರ ಅರಮನೆ.

ಅತ್ತೆ ಒಣಗಿದ ಸೊಪ್ಪನ್ನೆಲ್ಲ ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಬೋಳು ಕುಂಡವನ್ನು ಅಲ್ಲಿ ಇಟ್ಟಳು. ಈ ಗಿಡದ ಎಲೆ ಒಮ್ಮೆ ಒಣಗಿದರೆ ಎಷ್ಟು ನೀರು ಹಾಕಿದರೂ ಮತ್ತೆ ಹಸಿರಾಗುವುದಿಲ್ಲ, ಅದನ್ನು ತೆಗೆದು ಹಾಕಲೇಬೇಕು. ಬೇರು ತೇವವಾಗಿದ್ದರೆ ಅದೇ ಹೊಸದನ್ನು ಕಳಿಸುತ್ತದೆ. ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಮಣ್ಣಿನಿಂದ ಕೆಂಪು ಛಾಯೆಯ, ಸುರುಳಿ ಸುತ್ತಿಕೊಂಡ ಎಳೆಕುಡಿಗಳು ಎದ್ದು ಒಂದೊಂದಾಗಿ ಬಿಚ್ಚಿಕೊಂಡವು. ಪುಟ್ಟ ಬೀಸಣಿಗೆಯ ಆಕಾರದ ಎಲೆಗಳು, ಅಂಚು ಕತ್ತರಿಸಿ ಬಿಟ್ಟ ಹಾಗೆ. ಹಿಂದೆ ಬೆರಳಿಟ್ಟರೆ ಬೆರಳು ಕಾಣುವಷ್ಟು ತೆಳು. ಅವನ್ನು ಹೊತ್ತ ಕಡ್ಡಿ ಮಾತ್ರ ಕಡುಕಪ್ಪು, ಎಣ್ಣೆ ಹಚ್ಚಿ ಬಾಚಿದ ಕೂದಲಿನಷ್ಟು ಹೊಳಪು.

ನಾನು ಚಿಕ್ಕವಳಿದ್ದಾಗ ಅತ್ತೆ ನನಗೊಂದು ಆಟ ತೋರಿಸುತ್ತಿದ್ದಳು. ಒಂದು ಕಡ್ಡಿಯನ್ನು ಬಗ್ಗಿಸಿ ಬಕೆಟ್ಟಿನ ನೀರಿನೊಳಗೆ ಮುಳುಗಿಸುವಳು. ನೀರೊಳಗೆ ಎಲೆಗಳು ಬೆಳ್ಳಿಯ ಹಾಗೆ ಮಿನುಗುವವು. ಹೊರಗೆ ತೆಗೆದರೆ ಎಲೆ ಒದ್ದೆಯೇ ಆಗಿರುತ್ತಿರಲಿಲ್ಲ, ಒಂದು ಹನಿಯೂ ಅಂಟಿರುತ್ತಿರಲಿಲ್ಲ.

"ನೋಡಿದ್ಯಾ ಜಂಬ? ನೀರಿಲ್ಲ ಅಂದ್ರೆ ಒಂದಿನ ಬದುಕಲ್ಲ. ನೀರು ಕೊಟ್ರೆ ಮೈಗೆ ಮುಟ್ಟಿಸ್ಕೊಳಲ್ಲ."

"ನಿನ್ನ ಹಾಗೇ" ಎಂದು ಅಪ್ಪ ಒಮ್ಮೆ ಹೇಳಿ ಅವಳಿಂದ ಚೆನ್ನಾಗಿ ಬೈಸಿಕೊಂಡಿದ್ದರು.

ಈ ಗಿಡ ಹೂ ಬಿಡುವುದಿಲ್ಲ, ಕಾಯಿ ಬಿಡುವುದಿಲ್ಲ. ಎಲೆಯ ಅಂಚು ಹಿಂದಕ್ಕೆ ಮಡಚಿಕೊಂಡು ಆ ಮಡಿಕೆಯೊಳಗೆ ಕಂದು ಬಣ್ಣದ ಪುಡಿ ಕಟ್ಟುತ್ತದೆ. ಆ ಪುಡಿ ಉದುರಿ ಒದ್ದೆ ಗೋಡೆಗೆ ಕೂತು, ಮೊದಲು ಹಸಿರು ಚುಕ್ಕೆಯಾಗಿ, ಆಮೇಲೆ ಎಲೆಯಾಗಿ, ಕೆಲವೇ ವರ್ಷಗಳಲ್ಲಿ ಹಿಂದಿನ ಕೋಣೆಯ ಒಂದು ಗೋಡೆ ಪೂರ್ತಿ ಜರಿಗಿಡವಾಯಿತು. ಸುಣ್ಣ ಅಂದರೆ ಈ ಗಿಡಕ್ಕೆ ಪ್ರಾಣ. ಅತ್ತೆ ಗೋಡೆಯ ಮರಿಗಳನ್ನು ಬಿಡಿಸಿ ಕುಂಡಕ್ಕೆ ಹಾಕುವಳು, ಅವು ಬಾಡಿಗೆಗೆ ಒಂದು ಹೋಟೆಲಿನ ಊಟದ ಮೇಜುಗಳಿಗೆ ಹೋಗುವವು, ಬಾಡಿ ವಾಪಸು ಬಂದದ್ದನ್ನು ಬೋಳಿಸಿ ಮತ್ತೆ ಚಿಗುರಿಸುವಳು. ಹೂವಿನ ಅಂಗಡಿಯ ಕೆಲಸ ಬಿಟ್ಟಳು. ಮದುವೆಯಾಗಿ ಮಕ್ಕಳಾಗಿರಲಿಲ್ಲ, ಅದರ ಬಗ್ಗೆ ನೆಂಟರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದರು. ಈಗ ಜರಿಗಿಡದ ಬಗ್ಗೆ ಮಾತಾಡಿದರು.

ಇನ್ನು ಮಾವ. ಅವರು ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿದ್ದರು. ನೆಲಕ್ಕೆ ಹಾಸುವ ಕಲ್ಲಿನ ಅಂಚು ಉಜ್ಜಿ ನುಣುಪು ಮಾಡುವ ಕೆಲಸ. ಮಷೀನು ತಿರುಗುತ್ತಿದ್ದಾಗ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಪುಡಿ ಏಳುತ್ತಿತ್ತಂತೆ. ಬಾಯಿಗೆ ಒಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದರು, ಅದೂ ಸೆಖೆಯಾದರೆ ಬಿಚ್ಚಿಡುತ್ತಿದ್ದರು. ಸಂಜೆ ಮನೆಗೆ ಬರುವಾಗ ತಲೆ, ಹುಬ್ಬು, ಕಿವಿಯ ಸಂದು ಎಲ್ಲ ಬಿಳಿ. ಅತ್ತೆ ಅವರನ್ನು ಕರೆಯುತ್ತಿದ್ದದ್ದು ಸುಣ್ಣದ ಗೊಂಬೆ ಎಂದು.

"ಅಲ್ಲೇ ನಿಂತ್ಕೊಳ್ಳಿ. ಒಳಗೆ ಕಾಲಿಡಬೇಡಿ" ಎಂದು ಬಾಗಿಲಲ್ಲೇ ತಡೆಯುವಳು. ಹೊರಗಿನ ನಲ್ಲಿಯಲ್ಲಿ ಸ್ನಾನ, ಅಲ್ಲೇ ಬಟ್ಟೆ ಬದಲಾವಣೆ. ಚಳಿಯಿದ್ದರೂ ಅಷ್ಟೆ, ಜ್ವರವಿದ್ದರೂ ಅಷ್ಟೆ. "ಆ ಧೂಳು ಹೋಗಿ ಎಲೆ ಮೇಲೆ ಕೂತ್ರೆ ಅವಕ್ಕೆ ಉಸಿರು ಕಟ್ಟುತ್ತೆ."

ಮಾವ ನಗುವರು. ಒಂದು ಮಾತಿಗೆ ಎರಡು ಮಾತು ಸೇರಿಸುವ ಜನವಲ್ಲ ಅವರು. ಮಷೀನಿನ ಸದ್ದಿಗೆ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಅತ್ತೆಯ ಬೈಗುಳದಲ್ಲೂ ಅರ್ಧವಷ್ಟೆ ಅವರಿಗೆ ತಲುಪುತ್ತಿದ್ದದ್ದು. ಸ್ನಾನ ಮುಗಿಸಿ, ಟೀ ಲೋಟ ಹಿಡಿದು, ಹಿಂದಿನ ಕೋಣೆಯ ಮೆಟ್ಟಿಲ ಮೇಲೆ ಬಂದು ಕೂರುವರು. ಅತ್ತೆ ನೀರು ಚಿಮುಕಿಸುವುದನ್ನು ನೋಡುತ್ತಾ ಕತ್ತಲಾಗುವ ತನಕ ಅಲ್ಲೇ. "ಮೈ ತಾಗಿಸಬೇಡಿ, ಅವಕ್ಕೆ ಮುಟ್ಟಿದ್ರೆ ಆಗಲ್ಲ" ಎಂದರೆ ಸ್ವಲ್ಪ ಹಿಂದೆ ಸರಿಯುವರು. ನಾನು ನೋಡಿದಂತೆ ಅವರ ಸಂಸಾರ ಅಂದರೆ ಅದೇ. ಅವಳು ಗಿಡಗಳ ಮಧ್ಯೆ, ಅವರು ಮೆಟ್ಟಿಲ ಮೇಲೆ.

ಮಾವನಿಗೆ ಮೊದಲು ಕೆಮ್ಮು ಬಂತು. ಆಮೇಲೆ ಮೆಟ್ಟಿಲು ಇಳಿದು ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿತು. ಕಾರ್ಖಾನೆಯವರು ಒಂದು ದಿನ ಕೆಲಸ ಬಿಡಿಸಿ ಮನೆಗೆ ಕಳಿಸಿಬಿಟ್ಟರು. ದೊಡ್ಡಾಸ್ಪತ್ರೆಯ ಎದೆ ವಿಭಾಗಕ್ಕೆ ತೋರಿಸಬೇಕೆಂದು ಅಪ್ಪ ಹಟ ಹಿಡಿದು ಹೊರಡಿಸಿದರು. ಅವತ್ತು ಅತ್ತೆಗೆ ಹೋಟೆಲಿನ ಕುಂಡಗಳನ್ನು ಬದಲಿಸುವ ದಿನ. ಅವುಗಳನ್ನು ಬಿಸಿಲೇರುವ ಮುಂಚೆ ಸಾಗಿಸದಿದ್ದರೆ ದಾರಿಯಲ್ಲೇ ಬಾಡುತ್ತವೆ. "ನಾನೊಬ್ಬನೇ ಹೋಗಿಬರ್ತೀನಿ, ನಾನೇನು ಎಳೆಮಗುವಾ?" ಎಂದು ಮಾವ ಒಬ್ಬರೇ ಹೋದರು.

ಮುಂದಿನದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಆದರೆ ನಿಮ್ಮಿಂದ ಮುಚ್ಚಿಟ್ಟು ಕೊನೆಯಲ್ಲಿ ಬಾಂಬು ಹಾಕುವ ಚಪಲ ನನಗಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಎದೆಯ ಫೋಟೋ ನೋಡಿ ಸ್ಪಷ್ಟವಾಗಿ ಹೇಳಿದ್ದರು. ಕಲ್ಲಿನ ಪುಡಿ ಒಳಗೆ ಕೂತುಬಿಟ್ಟಿದೆ, ಕೂತದ್ದು ಇನ್ನು ಹೊರಗೆ ಬರುವುದಿಲ್ಲ. ಆದರೆ ಒಣಗಿದ, ಗಾಳಿ ಬೆಳಕಿನ ಜಾಗದಲ್ಲಿದ್ದು ಔಷಧಿ ತೆಗೆದುಕೊಂಡರೆ ಇನ್ನೂ ಎಷ್ಟೋ ವರ್ಷ ದೂಡಬಹುದು. ತೇವ, ಬೂಷ್ಟು ಇರುವ ಕಡೆ ಮಾತ್ರ ಸುಳಿಯಲೇಬಾರದು, ಈ ಎದೆಗೆ ಅದು ವಿಷ. ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ಮೊದಲು ತೆಗೆಸಿ, ಇಲ್ಲವೇ ಮನೆ ಬಿಡಿ.

ಮಾವ ಎಲ್ಲದಕ್ಕೂ ತಲೆ ಆಡಿಸಿ, ಔಷಧಿ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದರು.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?"

"ಏನಿಲ್ಲ. ಔಷಧಿ ಕೊಟ್ಟಿದಾರೆ."

"ಮನೇಲಿ ಶೀತ ಜಾಸ್ತಿ ಅಂತ ಹೇಳಿದ್ರಾ? ಹಿಂದಿನ ಕೋಣೆ ವಿಷಯ ಹೇಳಿದ್ರಾ?" ಅತ್ತೆ ಕೇಳಿಯೇ ಕೇಳಿದಳು. ಅವಳಿಗೂ ಅನುಮಾನ ಇತ್ತೆಂದು ಇದರಿಂದ ಗೊತ್ತಾಗುತ್ತದೆ. ಅಷ್ಟಕ್ಕೆ ಮಾವ ಸುಮ್ಮನಿದ್ದಿದ್ದರೆ ಸಾಕಿತ್ತು. ಜೀವಮಾನದಲ್ಲಿ ಒಂದು ಮಾತೂ ಹೆಚ್ಚು ಆಡದ ಮನುಷ್ಯ ಅವತ್ತೇ ಆಡಿದರು.

"ತೇವ ಒಳ್ಳೇದಂತೆ. ಎದೆ ಒಣಗಬಾರದಂತೆ."

ಆ ಒಂದು ಮಾತೇ ಅವರಿಗೆ ಮುಳುವಾಯಿತು. ಗಿಡ ಉಳಿಯಲಿ ಎಂದು ಅವರು ಹೇಳಿದ್ದು. ಅತ್ತೆ ಕೇಳಿಸಿಕೊಂಡದ್ದು ತೇವವೇ ಗಂಡನಿಗೆ ಔಷಧಿ ಎಂದು. ಮರುದಿನವೇ ಅವಳು ಕಟ್ಟಡದ ಕಾವಲುಗಾರನನ್ನು ಕರೆದು ಮಂಚವನ್ನು ಬಿಚ್ಚಿಸಿ, ಹಿಂದಿನ ಕೋಣೆಗೆ ಇಳಿಸಿ, ಆ ಗೋಡೆಯ ಪಕ್ಕದಲ್ಲೇ ಹಾಕಿಸಿದಳು. ಅಷ್ಟು ವರ್ಷ ಮೆಟ್ಟಿಲಿನಿಂದ ಕೆಳಗೆ ಬಿಡದೆ ಇದ್ದವರನ್ನು ಈಗ ಗಿಡಗಳ ನಡುವೆಯೇ ಮಲಗಿಸಿದಳು.

"ಬೇಡ ಕಣೆ, ನಿನ್ನ ಗಿಡಕ್ಕೆ ತೊಂದರೆ" ಎಂದರಂತೆ ಮಾವ.

"ಗಿಡದ ಮಾತು ನಾನು ನೋಡ್ಕೋತೀನಿ. ನೀವು ಸುಮ್ಮನೆ ಮಲಗಿ."

ಇನ್ನೇನು ಹೇಳಬಹುದಿತ್ತು ಅವರು? ನಿಜ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅಲ್ಲಿಯೇ.

ನಾನು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ರಜೆಯ ದಿನ ಅವರ ಮನೆಗೆ ಹೋಗುವುದು ರೂಢಿ. ಮಾವ ಹಿಂದಿನ ಕೋಣೆಗೆ ಹೋದ ಮೇಲೆ ನಾನು ಮೊದಲ ಸಲ ಹೋದಾಗ ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಗೋಡೆಯಿಂದ ಜರಿಗಿಡ ಇಳಿಬಿದ್ದು ದಿಂಬಿನ ತನಕ ಬಂದಿತ್ತು. ಮಂಚದ ಸುತ್ತ ಕುಂಡಗಳು. ಮೂಲೆಯಲ್ಲಿ ಸಣ್ಣ ಒಲೆಯ ಮೇಲೆ ಅಗಲವಾದ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ತೇವ ಸಾಲದಾದರೆ ಎಂದು ಅತ್ತೆಯ ಏರ್ಪಾಡು. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ್ದಳು. ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು ಹರಡಿತ್ತು. ಹೊದಿಕೆ ಮುಟ್ಟಿದರೆ ಕೈಗೆ ತಣ್ಣಗೆ ಅಂಟುತ್ತಿತ್ತು. ಅದರ ನಡುವೆ ಮಾವ ದಿಂಬಿಗೆ ಒರಗಿ ಕೂತಿದ್ದರು, ಹೆಗಲೆರಡೂ ಕಿವಿಯ ತನಕ ಏರಿ ಇಳಿಯುತ್ತಿದ್ದವು.

"ಅತ್ತೆ, ಈ ವಾಸನೆಗೆ ನನಗೇ ಉಸಿರು ಕಟ್ತಾ ಇದೆ" ಎಂದೆ.

"ಡಾಕ್ಟ್ರು ಹೇಳಿದ್ದು ಮಾಡ್ತಾ ಇದೀನಿ. ನೀನ್ಯಾವಾಗ ಡಾಕ್ಟರಾದೆ? ಟಿಕೆಟ್ ಹರಿಯೋಳು" ಎಂದಳು.

ಅವಳು ನೀರು ತರಲು ಹೋದಾಗ ನಾನು ಮಾವನ ಕಿವಿಯ ಹತ್ತಿರ ಬಾಗಿ ಕೇಳಿದೆ, ಡಾಕ್ಟರು ನಿಜವಾಗಿ ಹೀಗೇ ಇರಬೇಕು ಅಂದರಾ ಎಂದು. ಮಾವ ನನ್ನನ್ನೇ ನೋಡಿದರು. ಆಮೇಲೆ ಕೈ ಚಾಚಿ ದಿಂಬಿನ ಪಕ್ಕದ ಎಲೆಯೊಂದನ್ನು ಬೆರಳ ಮೇಲೆ ಇಟ್ಟುಕೊಂಡರು. "ನೋಡಮ್ಮ, ಈ ಸಲ ಎಷ್ಟು ಚೆನ್ನಾಗಿ ಬಂದಿದೆ. ನಿಮ್ಮತ್ತೆ ಕೈಗುಣ" ಎಂದರು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ನಿಲ್ಲಿಸಿ ಉಸಿರು ಎಳೆದುಕೊಂಡರು. ನಿಜವೇ, ಗಿಡಗಳು ಆ ವರ್ಷದಷ್ಟು ಸೊಂಪಾಗಿ ಎಂದೂ ಇರಲಿಲ್ಲ. ಕುದಿಯುವ ನೀರಿನ ಹಬೆಗೆ ದಿನವೂ ಹೊಸ ಸುರುಳಿ ಬಿಚ್ಚಿಕೊಳ್ಳುತ್ತಿತ್ತು.

ಕೆಮ್ಮು ಹೆಚ್ಚಾದಷ್ಟೂ ಅತ್ತೆ ನೀರು ಹೆಚ್ಚು ಕುದಿಸಿದಳು. ಮತ್ತೆ ಆಸ್ಪತ್ರೆಗೆ ತೋರಿಸೋಣ ಎಂದರೆ ಮಾವ ಕೈ ಅಡ್ಡ ಆಡಿಸುವರು, ಔಷಧಿ ಇದೆಯಲ್ಲ ಎನ್ನುವರು. ಅಪ್ಪ ಬಂದು, ಮಂಚ ಮೇಲೆ ಹಾಕು, ಮನುಷ್ಯ ನಡುಗುತ್ತಾ ಇದಾನೆ ಎಂದು ಜಗಳವಾಡಿದರು. ಅತ್ತೆ ಅಣ್ಣನ ಮೇಲೂ ಹರಿಹಾಯ್ದಳು. ಗಂಡನನ್ನು ಉಳಿಸಿಕೊಳ್ಳಲು ತಾನು ಒದ್ದಾಡುತ್ತಿದ್ದರೆ ಎಲ್ಲರೂ ಬಂದು ಬುದ್ಧಿ ಹೇಳುವವರೇ ಎಂದಳು. ಆ ದಿನಗಳಲ್ಲಿ ಅವಳೂ ಸೊರಗಿದ್ದಳು. ಗಂಡ ಕೆಮ್ಮಿದಾಗಲೆಲ್ಲ ಎದ್ದು, ಬೆನ್ನು ನೀವಿ, ಹಬೆ ಸರಿಯಾಗಿ ಮುಖಕ್ಕೆ ತಾಗುವ ಹಾಗೆ ಪಾತ್ರೆಯನ್ನು ಮಂಚದ ಹತ್ತಿರ ಎಳೆದಿಡುವಳು. ಕೈಗಳೆರಡೂ ನೆನೆದು ಸುಕ್ಕಾಗಿದ್ದವು.

ಒಂದು ಬೆಳಿಗ್ಗೆ ಮಾವನ ತುಟಿ ನೀಲಿಯಾಯಿತು. ಅತ್ತೆ ಕಾವಲುಗಾರನ ಫೋನಿನಿಂದ ನನಗೆ ಫೋನ್ ಮಾಡಿದಳು. ನಾನು ಓಡಿ ಹೋದೆ. ಅವರನ್ನು ಎತ್ತಿ ಮೆಟ್ಟಿಲು ಹತ್ತಿಸುವಾಗ ಒಂದು ಕಪ್ಪು ಕಡ್ಡಿ ಅವರ ಅಂಗಿಯ ಗುಂಡಿಗೆ ಸಿಕ್ಕಿಕೊಂಡು ಕಿತ್ತು ಬಂತು. ಅತ್ತೆ ಅದನ್ನು ನೋಡಲೇ ಇಲ್ಲ.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಇದ್ದರು. ಮಾವನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿಸಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಅತ್ತೆಯನ್ನೂ ನನ್ನನ್ನೂ ಹೊರಗೆ ಕರೆದರು.

"ಇಷ್ಟು ಬೇಗ ಹೀಗಾಗಬಾರದಿತ್ತು. ಎಲ್ಲಿ ಮಲಗ್ತಾರೆ ಇವರು?"

"ನೀವು ಹೇಳಿದ ಹಾಗೇ ಮಲಗಿಸಿದೀನಿ" ಎಂದಳು ಅತ್ತೆ. ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ತೇವದ ಕೋಣೇಲಿ. ಕಿಟಕಿ ಎಲ್ಲ ಮುಚ್ಚಿದೀನಿ. ನೀರು ಕುದಿಸ್ತೀನಿ. ಒಂದು ದಿನವೂ ತಪ್ಪಿಸಿಲ್ಲ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ನಾನು ಹೇಳಿದ್ನಾ?"

"ಹೂಂ. ತೇವ ಒಳ್ಳೇದು, ಎದೆ ಒಣಗಬಾರದು ಅಂತ."

"ಅಮ್ಮಾ, ತೇವ ಇವರಿಗೆ ವಿಷ ಅಂತ ಹೇಳಿದ್ದೆ. ಬೇಕಾದ್ರೆ ಮನೆ ಬಿಡಿ ಅಂತಲೂ ಹೇಳಿದ್ದೆ. ತಲೆ ಆಡಿಸಿ ಹೋದ್ರಲ್ಲ." ಅವರು ಗದರಿಸಬೇಕೆಂದೇ ಶುರು ಮಾಡಿದ್ದರು. ಅತ್ತೆಯ ಮುಖ ನೋಡಿ ಕೊನೆಯ ಮಾತನ್ನು ಮೆಲ್ಲಗೆ ಹೇಳಿದರು.

ಅತ್ತೆ ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಕೂತಳು. ಆಮೇಲೆ ಎದ್ದು, "ನಡಿ, ಮನೆಗೆ ಹೋಗಿ ಬರೋಣ. ಅವರು ಬರೋಷ್ಟರಲ್ಲಿ ಕೆಲಸ ಇದೆ" ಎಂದಳು.

ಮೊದಲು ಕುಂಡಗಳನ್ನು ಹೊರಗೆ ಸಾಗಿಸಿದಳು. ಬೀದಿಯ ಬದಿಗೆ, ನೆತ್ತಿಯ ಬಿಸಿಲಿಗೆ ಸಾಲಾಗಿ ಇಟ್ಟಳು. ಯಾರಿಗಾದರೂ ಕೊಟ್ಟುಬಿಡು ಅತ್ತೆ, ಹೋಟೆಲಿನವರು ತೆಗೆದುಕೊಳ್ಳುತ್ತಾರೆ ಎಂದೆ.

"ಇನ್ನೊಬ್ಬರ ಮನೆಗೆ ಕಳಿಸ್ಲಾ ಇದನ್ನ?" ಎಂದಳು.

ಆ ಗಿಡಕ್ಕೆ ಸಾಯಲು ಹೆಚ್ಚು ಹೊತ್ತು ಬೇಡ. ನಾವು ಕೊನೆಯ ಕುಂಡ ತರುವಷ್ಟರಲ್ಲಿ ಮೊದಲನೆಯದರ ಎಲೆಗಳು ಅಂಚಿನಿಂದ ಒಳಕ್ಕೆ ಸುರುಟತೊಡಗಿದ್ದವು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಎಲ್ಲ ಒಣಗಿ, ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಕಪ್ಪು ಕಡ್ಡಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಬೇರಿಗೆ ಜೀವ ಇರುತ್ತದೆಂದು ಅವಳಿಗೆ ಗೊತ್ತಲ್ಲ, ಒಂದೊಂದೇ ಕುಂಡ ಒಡೆದು ಬೇರಿನ ಗಡ್ಡೆಯನ್ನು ಬಿಸಿಲಿಗೆ ಬಿಡಿಸಿ ಹಾಕಿದಳು.

ಗೋಡೆಯದು ಕಷ್ಟವಾಯಿತು. ಅವು ಗಾರೆಯ ಒಳಗೆ ಬೇರು ಬಿಟ್ಟಿದ್ದವು. ಕೈಯಿಂದ ಎಳೆದರೆ ಸೊಪ್ಪು ಕಿತ್ತು ಬರುತ್ತಿತ್ತು, ಬೇರು ಅಲ್ಲೇ. ಅತ್ತೆ ಮಂಚದ ಕೆಳಗಿಂದ ಮಾವನ ಹಳೆಯ ಉಳಿ ಸುತ್ತಿಗೆ ತೆಗೆದು ಗೋಡೆಯನ್ನೇ ಕೆತ್ತಿದಳು. ಕೋಣೆಯ ತುಂಬ ಸುಣ್ಣದ ಪುಡಿ ಎದ್ದಿತು. ಅವಳ ತಲೆ, ಹುಬ್ಬು, ರೆಪ್ಪೆ ಎಲ್ಲ ಬಿಳಿಯಾದವು. ನಾನು ಕೈಹಾಕಲು ಹೋದರೆ ಬೇಡ ಎಂದಳು. ಅಳಲಿಲ್ಲ. ಬೈಯಲೂ ಇಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಮೇಲೆ ಗಾರೆಯವನನ್ನು ಕರೆಸಿ ಸಿಮೆಂಟು ಬಳಿಸಿದಳು. ಅಪ್ಪ ತೊಟ್ಟಿಯ ಒಸರು ಕಟ್ಟಿಸಿದರು. ಮಂಚ ಮೇಲಿನ ಕೋಣೆಗೆ, ಕಿಟಕಿಯ ಪಕ್ಕಕ್ಕೆ ಬಂತು. ಮಾವ ಆಸ್ಪತ್ರೆಯಿಂದ ಬರುವ ದಿನ ಆ ಮನೆಯಲ್ಲಿ ಒಂದು ಒದ್ದೆ ಬಟ್ಟೆಯೂ ಇರಲಿಲ್ಲ.

ಡಾಕ್ಟರಮ್ಮ ಮನೆಗೆ ಕಳಿಸಿದ್ದು ಗುಣವಾಯಿತೆಂದಲ್ಲ. ಇನ್ನು ಆಸ್ಪತ್ರೆಯಲ್ಲಿ ಮಾಡುವುದು ಏನೂ ಉಳಿದಿಲ್ಲ, ಮನೆಯಲ್ಲಿ ಹಾಯಾಗಿರಲಿ ಎಂದಿದ್ದರು. ಆಮ್ಲಜನಕದ ಸಿಲಿಂಡರ್ ಜೊತೆಗೇ ಬಂತು. ಮಾವನನ್ನು ಮಂಚದ ಮೇಲೆ ಕೂರಿಸಿದೆವು. ಅವರು ಕಿಟಕಿ ನೋಡಿದರು, ಒಣಗಿದ ನೆಲ ನೋಡಿದರು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಮೆಟ್ಟಿಲ ಆಚೆ ಬೂದುಬಣ್ಣದ ಹೊಸ ಗೋಡೆ ಕಂಡಿತು. ಬಹಳ ಹೊತ್ತು ಅದನ್ನೇ ನೋಡಿದರು.

"ಯಾಕೆ ಹಾಗೆ ಮಾಡ್ದೆ?" ಎಂದರು ಮುಖವಾಡ ಸರಿಸಿ.

"ನೀವ್ಯಾಕೆ ಹಾಗೆ ಹೇಳಿದ್ರಿ?"

ಮಾವ ಮತ್ತೆ ಆ ಗೋಡೆಯ ಕಡೆಗೇ ತಿರುಗಿದರು.

"ನನ್ನ ಕೈಯಿಂದಲೇ ಮಾಡಿಸಿದ್ರಲ್ಲ" ಎಂದಳು ಅತ್ತೆ. "ನೀರು ಕುದಿಸಿ ಕುದಿಸಿ ನಿಮ್ಮ ಮುಖಕ್ಕೆ ಹಿಡಿದೆ. ಬಟ್ಟೆ ತುರುಕಿ ಗಾಳಿ ಮುಚ್ಚಿದೆ. ನಿಜ ಇದು ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಎಲ್ಲ ಕಿತ್ತು ಹಾಕಬೇಕಾಗ್ತಿತ್ತು. ನಿನಗೆ ಅಂತ ಇದ್ದದ್ದು ಅದೊಂದೇ."

"ಅವತ್ತೇ ಸಂಜೆ ಬೀದಿಗೆ ಹಾಕ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದು ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ? ಒಂದು ಸೊಪ್ಪಿಗಿಂತ ಕಡಿಮೆ ಅಂದ್ಕೊಂಡ್ರಾ ನಿಮ್ಮನ್ನ ನೀವು?" ಅವಳ ದನಿ ಏರಿತ್ತು. ಅದು ಜಗಳಕ್ಕೆ ಕೇಳುವ ಪ್ರಶ್ನೆ. ಇಲ್ಲ ಎನ್ನುವ ಉತ್ತರ ಬರಲಿ ಎಂದೇ ಕೇಳುವುದು.

ಮಾವ ಸ್ವಲ್ಪ ಯೋಚಿಸಿದರು. ಮರೆಮಾಚಲು ಅವರಲ್ಲಿ ಉಸಿರು ಉಳಿದಿರಲಿಲ್ಲ.

"ಹೂಂ" ಎಂದರು. "ಅಂದ್ಕೊಂಡಿದ್ದೆ."

ಕೋಪದಿಂದಲ್ಲ, ಚುಚ್ಚಬೇಕೆಂದೂ ಅಲ್ಲ. ಹೊತ್ತೆಷ್ಟು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದರು. ಹೇಳಿ, ಆಯಾಸವಾಗಿ, ಮುಖವಾಡ ಮತ್ತೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಬೇಸಿಗೆ ಶುರುವಾಗುವ ತನಕ ಮಾವ ಇದ್ದರು. ಆ ದಿನಗಳಲ್ಲಿ ಅತ್ತೆ ಅವರ ಮೈಮೇಲಿಂದ ಕೈ ತೆಗೆದದ್ದನ್ನು ನಾನು ನೋಡಲಿಲ್ಲ. ಕಾಲು ಒತ್ತುವಳು, ಬೆನ್ನಿಗೆ ಕೈಯಿಟ್ಟು ಕೂರುವಳು, ತಲೆ ಬಾಚುವಳು, ಅನ್ನ ಕಲಸಿ ತಿನ್ನಿಸುವಳು. ದಿನಕ್ಕೆ ಹತ್ತು ಸಲ, ನೀವು ನನಗೆ ಮೊದಲು, ನೀವೇ ಮೊದಲು ಎಂದು ಕಿವಿಯ ಹತ್ತಿರ ಬಾಯಿಟ್ಟು ಹೇಳುವಳು. ಮಾವ ಹೌದೌದು ಎಂದು ತಲೆ ಆಡಿಸುವರು. ಡಾಕ್ಟರಮ್ಮನ ಮುಂದೆ ಆಡಿಸಿದ ಹಾಗೇ ಆಡಿಸುತ್ತಿದ್ದಾರೋ, ನಿಜವಾಗಿ ನಂಬಿ ಆಡಿಸುತ್ತಿದ್ದಾರೋ, ಅತ್ತೆಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವರ ಮುಖವನ್ನೇ ನೋಡುತ್ತಾ ಕೂತಿರುವಳು. ಒಂದು ಮಧ್ಯಾಹ್ನ, ಅವಳು ಹಾಗೆ ನೋಡುತ್ತಿರುವಾಗಲೇ, ಉಸಿರು ನಿಂತಿತು.

ಆಮೇಲೆ ಜನ ಬಂದರು. ಬಂದವರೆಲ್ಲ ಒಂದೇ ಮಾತು ಹೇಳಿದರು, ನಿನ್ನ ಹಾಗೆ ಗಂಡನನ್ನು ಯಾರೂ ನೋಡಿಕೊಂಡಿರಲಿಕ್ಕಿಲ್ಲ ಎಂದು. ಕಾರ್ಖಾನೆಯವರು ಹೇಳಿದರು, ಕಟ್ಟಡದವರು ಹೇಳಿದರು. ಅತ್ತೆ ಕೇಳಿಸಿಕೊಂಡಳು. ಅವರು ಹೋದ ಮೇಲೆ ನಾನು ಲೋಟಗಳನ್ನು ತೊಳೆದು ಒಳಗೆ ಬಂದರೆ ಅವಳು ಖಾಲಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಮಾವ ಆ ಸುಳ್ಳು ಹೇಳಬಾರದಿತ್ತು ಎಂದೆ.

"ಸುಳ್ಳು ಬಿಡೇ" ಎಂದಳು ಅತ್ತೆ. "ನನ್ನ ಮೇಲಿನ ಪ್ರೀತಿಗೆ ಹೇಳಿದ್ರು ಅಂತ ಹೊಟ್ಟೆಗೆ ಹಾಕ್ಕೋಬಹುದು. ಆ ಮನುಷ್ಯ ಜೀವನದಲ್ಲಿ ಸುಳ್ಳು ಹೇಳಿದ್ದು ಅದೊಂದೇ ಸಲ. ಆಮೇಲೆ ನಾನು ಕೇಳಿದಾಗ ಹೂಂ ಅಂದ್ರಲ್ಲ, ಅದು ನಿಜ. ಅದನ್ನ ಎಲ್ಲಿ ಇಟ್ಕೊಳ್ಳಲಿ ನಾನು?"